ಕಡಲು, ಬೆಟ್ಟ, ಬಯಲು: ಯಾವ ಸೀಮೆಯ ತಾಪತ್ರಯ ನಿಮಗೆ ಒಗ್ಗೀತು?

ಕಡಲ ದಂಡೆಯ ಊರಿಗೆ ಹೋಗಿ ನಮಗದು ಎರಡನೇ ಮಳೆಗಾಲ. ಎಲ್ಲಿಗೋ ಹೊರಡುವ ಗಡಿಬಿಡಿಯಲ್ಲಿ ನಮ್ಮ ಮನೆಯವರು ಬೀರುವಿನಿಂದ ಚರ್ಮದ ಬೆಲ್ಟ್ ಎಳೆದು ತೆಗೆದರೆ ಅದರ ಮೈತುಂಬ ಹಸಿರು ಬೂಷ್ಟು. ತಂದು ಮೂರು ತಿಂಗಳೂ ಆಗಿರಲಿಲ್ಲ. ಅವರು ಹಳೇ ಬಟ್ಟೆಯಲ್ಲಿ ಒರೆಸಿ ಸೊಂಟಕ್ಕೆ ಕಟ್ಟಿಕೊಂಡು, "ನೋಡೇ, ಬೆಲ್ಟಿಗೂ ಮೀಸೆ ಬಂತು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಪುಸ್ತಕಗಳ ರಟ್ಟು ಉಬ್ಬಿ ಸೊಟ್ಟಗಾಗಿತ್ತು. ಹಿತ್ತಿಲ ಬಾಗಿಲ ಬೀಗ ತುಕ್ಕು ಹಿಡಿದು ಒಡೆಸಬೇಕಾಗಿ ಬಂದಿತ್ತು. ಒಗೆದ ಹೊದಿಕೆ ಮೂರು ದಿನ ಹಗ್ಗದ ಮೇಲಿದ್ದೂ ಮುಗ್ಗಲು ವಾಸನೆ ಬಿಟ್ಟಿರಲಿಲ್ಲ. ಅದೇ ಮನೆ, ಅದೇ ತೇವ. ಒಬ್ಬರಿಗೆ ತಮಾಷೆ, ಇನ್ನೊಬ್ಬರಿಗೆ ಅಳು.

ವರ್ಗವಾಗುತ್ತಲೇ ಇರುವ ನೌಕರಿ ನಮ್ಮದು. ಆಮೇಲೆ ಬೆಟ್ಟದ ಊರಿನಲ್ಲಿ ನಾಲ್ಕು ವರ್ಷ, ದೊಡ್ಡ ನಗರದಲ್ಲಿ ಆರು ವರ್ಷ ಕಳೆದು ಈಗ ಒಣ ಬಯಲಿಗೆ ಬಂದು ಬಿದ್ದಿದ್ದೇವೆ. ಹೀಗಾಗಿ ದೇಶದ ಯಾವ ಭಾಗದಲ್ಲಿ ನೆಲೆ ನಿಂತರೆ ಒಳ್ಳೆಯದು ಎಂದು ಗುರುತಿನವರು ಕೇಳುತ್ತಿರುತ್ತಾರೆ. ಪ್ರತಿ ಸೀಮೆಗೂ ಅದರದೇ ತಾಪತ್ರಯ ಇದ್ದದ್ದೇ. ಅದರಲ್ಲಿ ಯಾವುದನ್ನು ನೀವು ಆ ಬೆಲ್ಟಿನ ಹಾಗೆ ಒರೆಸಿ ಕಟ್ಟಿಕೊಂಡು ನಡೆಯಬಲ್ಲಿರಿ ಎಂದು ನಾನು ತಿರುಗಿ ಕೇಳುತ್ತೇನೆ. ಈ ಹೋಲಿಕೆಯನ್ನೂ ಆ ಲೆಕ್ಕದಲ್ಲೇ ಬರೆದಿದ್ದೇನೆ.

ರಜೆಯ ಕಣ್ಣು

ದೂರದ ಬೆಟ್ಟ ನುಣ್ಣಗೆ ಎನ್ನುವುದಕ್ಕೆ ಒಂದು ಅಧ್ಯಯನದ ಸಾಕ್ಷಿಯೂ ಇದೆ. ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನಮನ್ 1998ರಲ್ಲಿ ಪ್ರಕಟಿಸಿದ್ದು. ಅಮೆರಿಕದಲ್ಲಿ ಹಿತವಾದ ಹವೆಯ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ ಕೊರೆಯುವ ಚಳಿಯ ಮಧ್ಯಪಶ್ಚಿಮ ಭಾಗದ ವಿದ್ಯಾರ್ಥಿಗಳನ್ನೂ ಅವರು ಮಾತಾಡಿಸಿದರು. ಅವರವರ ಬದುಕಿನ ಬಗ್ಗೆ ಅವರಿಗಿದ್ದ ತೃಪ್ತಿ ಎರಡೂ ಕಡೆ ಒಂದೇ. ಆದರೆ ನಿಮ್ಮಂಥವರೇ ಯಾರಾದರೂ ಈ ಎರಡರಲ್ಲಿ ಒಂದು ಭಾಗದಲ್ಲಿದ್ದರೆ ಹೇಗಿರುತ್ತಾರೆ ಎಂದು ಕೇಳಿದಾಗ, ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖವಾಗಿರುತ್ತಾರೆ ಎಂದು ಎರಡೂ ಕಡೆಯವರು ಊಹಿಸಿದರು. ಊರಿನ ಬಗ್ಗೆ ಕೇಳಿದಾಗ ಮನಸ್ಸು ಹವೆಯ ಮೇಲೆ ಹೋಗಿ ಕೂರುತ್ತದೆ. ಅಲ್ಲೇ ಬದುಕುವವನ ತಲೆಯಲ್ಲಿ ಪರೀಕ್ಷೆ, ಬಾಡಿಗೆ, ಜಗಳ ಎಲ್ಲ ಇರುತ್ತವೆ.

ಇದಕ್ಕೆ ನನ್ನದೊಂದು ತಿದ್ದುಪಡಿ. ಒಳ್ಳೆಯ ಹವೆ ಆರು ತಿಂಗಳಲ್ಲಿ ಕಣ್ಣಿಗೆ ಬೀಳದಂತಾಗುತ್ತದೆ ಎನ್ನುವುದು ನಿಜ. ಕಿಟಕಿ ತೆಗೆದರೆ ಕಡಲು ಕಾಣುವ ಮನೆಯಲ್ಲಿ ಮೊದಲ ತಿಂಗಳು ನಿಂತು ನೋಡಿದಷ್ಟು ಆಮೇಲೆ ನಾನು ನೋಡಲಿಲ್ಲ. ಆದರೆ ಮೈಗೆ ಒಗ್ಗದ ಕಿರಿಕಿರಿ ಹಳೆಯದಾಗುವುದಿಲ್ಲ, ದಿನಾ ಬೆಳಿಗ್ಗೆ ಹೊಸದಾಗಿಯೇ ಏಳುತ್ತದೆ. ಅದಕ್ಕೇ ಒಂದು ಸೀಮೆಯ ಒಳ್ಳೆಯದಕ್ಕೆ ಅರ್ಧ ಅಂಕ ಕೊಟ್ಟು, ಕೆಟ್ಟದ್ದಕ್ಕೆ ಪೂರ್ತಿ ಅಂಕ ಕಳೆಯಿರಿ.

ಬಿಸಿಲು ಬೇರೆ, ಸೆಕೆ ಬೇರೆ

ನಮ್ಮ ಭಾಷೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು, ಮೊಬೈಲಿನ ಹವಾಮಾನ ಪರದೆಗೆ ಗೊತ್ತಿಲ್ಲ. ಬಿಸಿಲು ಮೇಲಿಂದ ಹೊಡೆಯುತ್ತದೆ, ನೆರಳಿಗೆ ಸರಿದರೆ ಅರ್ಧ ತಪ್ಪಿತು. ಸೆಕೆ ನೆರಳಿಗೂ ಬರುತ್ತದೆ, ರಾತ್ರಿಗೂ ಬರುತ್ತದೆ, ದಿಂಬಿನ ಅಡಿಗೂ ಬರುತ್ತದೆ.

ಮೈ ತಣ್ಣಗಾಗುವುದು ಬೆವರು ಆರಿದರೆ ಮಾತ್ರ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಆರದೆ ಇಳಿಯುತ್ತದೆ, ಮೈ ಒದ್ದೆಯಾಗುತ್ತದೆಯೇ ಹೊರತು ತಂಪಾಗುವುದಿಲ್ಲ. ಅಮೆರಿಕದ ಹವಾಮಾನ ಇಲಾಖೆ ಬಳಸುವ ಹೀಟ್ ಇಂಡೆಕ್ಸ್ ಸೂತ್ರದಲ್ಲಿ ಲೆಕ್ಕ ಹಾಕಿ ನೋಡಿದೆ. 40 ಡಿಗ್ರಿ ಬಿಸಿಲು, ಆರ್ದ್ರತೆ ಶೇ 15 ಇದ್ದರೆ ಮೈಗೆ ಅನಿಸುವುದು ಸುಮಾರು 38. ಅದೇ 32 ಡಿಗ್ರಿ, ಆರ್ದ್ರತೆ ಶೇ 80 ಇದ್ದರೆ ಅನಿಸುವುದು 45ರ ಹತ್ತಿರ. ಎಂಟು ಡಿಗ್ರಿ ಕಮ್ಮಿ ಎಂದು ಎರಡನೆಯ ಊರನ್ನು ಆರಿಸಿಕೊಂಡವರ ಗತಿ ಯೋಚಿಸಿ. ನಾವೇ ಆ ಮಂದಿ.

ಹಾಗೆಂದು ಒಣ ಬಿಸಿಲು ಸಾಧು ಪ್ರಾಣಿಯೇನಲ್ಲ. ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂದು ತಿಳಿಯುವುದೇ ಇಲ್ಲ. ತಲೆನೋವು ಬಂದಾಗಲೇ ಗೊತ್ತಾಗುವುದು. ಹಿಮ್ಮಡಿ ಒಡೆಯುತ್ತದೆ, ತುಟಿ ಸಿಪ್ಪೆ ಏಳುತ್ತದೆ, ಮಕ್ಕಳ ಮೂಗಿನಿಂದ ರಕ್ತ ಬಂದು ಹೆದರಿಸುತ್ತದೆ. ಇಷ್ಟಿದ್ದರೂ ಒಣ ಸೀಮೆಗೆ ಎರಡು ಅನುಕೂಲ. ಒಂದು, ನೀರು ಹಾಕುವ ಏರ್ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಡಲ ಕಡೆ ಅದೇ ಕೂಲರ್ ಕೋಣೆಗೆ ಇನ್ನಷ್ಟು ತೇವ ತುಂಬುವ ಯಂತ್ರ. ಎರಡು, ರಾತ್ರಿ. ಮೋಡವಿಲ್ಲದ ಒಣ ಆಕಾಶಕ್ಕೆ ನೆಲ ತನ್ನ ಕಾವನ್ನು ಬೇಗ ಬಿಟ್ಟುಕೊಡುತ್ತದೆ. ಹಗಲು ಬೇಯಿಸಿದ ಊರೇ ಬೆಳಗಿನ ಜಾವ ಹೊದಿಕೆ ಕೇಳುತ್ತದೆ. ನಿದ್ದೆ ಕೆಡಿಸದ ಸೀಮೆಯ ಬಗ್ಗೆ ನನಗೆ ದೂರು ಕಮ್ಮಿ.

ಹೊರಗೆ ನಿಂತು ಕೆಲಸ ಮಾಡುವವರಿಗೆ, ಮನೆಯಲ್ಲಿ ವಯಸ್ಸಾದವರಿದ್ದರೆ, ಈ ಲೆಕ್ಕ ಬೇರೆಯಾಗುತ್ತದೆ. ಅಂಥವರಿಗೆ ಒಣ 40 ಕೂಡ ಅಪಾಯವೇ, ಹಸಿಯಾದರೆ ಇನ್ನೂ ಹೆಚ್ಚು.

ಕಡಲು

ಕಡಲಿನ ದೊಡ್ಡ ಗುಣ ಅದರ ನಿಧಾನ. ಒಣ ಮಣ್ಣಿಗೆ ಹೋಲಿಸಿದರೆ ಅಷ್ಟೇ ತೂಕದ ನೀರನ್ನು ಬಿಸಿ ಮಾಡಲು ನಾಲ್ಕೈದು ಪಟ್ಟು ಶಾಖ ಬೇಕು. ಹಾಗಾಗಿ ದಂಡೆಯ ಊರು ಬೇಗ ಕಾಯದು, ಬೇಗ ಆರದು. ಇದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸ್ಯಾಕ್ರಮೆಂಟೊ ನೋಡಿ. ಎರಡೂ ಕ್ಯಾಲಿಫೋರ್ನಿಯಾದಲ್ಲೇ ಇವೆ, ಮೊದಲನೆಯದು ದಂಡೆಯಲ್ಲಿ, ಎರಡನೆಯದು ಒಳನಾಡಿನಲ್ಲಿ, ನಡುವೆ ಕಾರಿನಲ್ಲಿ ಒಂದೂವರೆ-ಎರಡು ಗಂಟೆಯ ದಾರಿ. ಜುಲೈ ಮಧ್ಯಾಹ್ನ ಮೊದಲನೆಯದರಲ್ಲಿ ಸುಮಾರು 20 ಡಿಗ್ರಿ, ಎರಡನೆಯದರಲ್ಲಿ 34ರ ಹತ್ತಿರ. ಆ ದಂಡೆಗೆ ತಣ್ಣನೆಯ ಕಡಲ ಪ್ರವಾಹ ತಾಗುತ್ತದೆ, ಅದಕ್ಕೇ ಈ ಪರಿ ವ್ಯತ್ಯಾಸ. ಬೆಚ್ಚಗಿನ ಕಡಲಿನ ಪಕ್ಕದ ಊರಿಗೆ ಈ ಭಾಗ್ಯ ಇಲ್ಲ, ಅಲ್ಲಿ ಸಿಗುವುದು ಸಮನಾದ ಸೆಕೆ. ಆದ್ದರಿಂದ ಕರಾವಳಿ ಹೇಗೆ ಎಂದು ಕೇಳುವ ಮುಂಚೆ ಯಾವ ಕಡಲು, ತಣ್ಣನೆಯದೋ ಬೆಚ್ಚಗಿನದೋ, ಕೇಳಿಕೊಳ್ಳಿ.

ಉಪ್ಪುಗಾಳಿಯ ವಿಷಯವನ್ನು ಮನೆ ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಅಲೆ ಒಡೆದಾಗ ಹಾರುವ ಉಪ್ಪಿನ ಹನಿ ಗಾಳಿಯಲ್ಲಿ ಬಂದು ಗೋಡೆ, ಕಂಬಿ, ಏಸಿಯ ಹೊರ ಪೆಟ್ಟಿಗೆ ಎಲ್ಲದರ ಮೇಲೂ ಕೂರುತ್ತದೆ. ಕಾಂಕ್ರೀಟಿನ ಒಳಗಿಳಿದ ಉಪ್ಪು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿಂದ ತಳ್ಳಿ ಕಾಂಕ್ರೀಟನ್ನೇ ಸೀಳುತ್ತದೆ. ಮನೆ ನೋಡಲು ಹೋದಾಗ ಬಾಲ್ಕನಿಯ ತಳಭಾಗ ನೋಡಿ. ಅಲ್ಲಿ ಕಂದು ಗೆರೆ ಇಳಿದಿದ್ದರೆ, ಹೊಸದಾಗಿ ಬಳಿದ ಸುಣ್ಣದ ಕೆಳಗೆ ಉಬ್ಬು ಕಂಡರೆ, ಚಹಾ ಕುಡಿದು ವಾಪಸ್ ಬನ್ನಿ. ಸಮಾಧಾನದ ಸಂಗತಿಯೆಂದರೆ ದಂಡೆಯಿಂದ ಒಳಕ್ಕೆ ಸರಿದಂತೆ ಗಾಳಿಯ ಉಪ್ಪು ಬೇಗ ಇಳಿಯುತ್ತದೆ, ಮೊದಲ ಒಂದು ಕಿಲೋಮೀಟರಿನಲ್ಲೇ ದೊಡ್ಡ ವ್ಯತ್ಯಾಸ. ಕಡಲು ಕಾಣುವ ಮನೆಗಿಂತ ಕಡಲಿಗೆ ನಡೆದು ಹೋಗಬಹುದಾದ ಮನೆ ಮೇಲು. ನಮ್ಮವರು ಇದನ್ನು ಒಪ್ಪುವುದಿಲ್ಲ, ಅವರಿಗೆ ಕಾಣಲೇಬೇಕು.

ತೇವಕ್ಕೆ ಒಂದು ಅಳತೆ. ಮನೆಯೊಳಗಿನ ಆರ್ದ್ರತೆ ಶೇ 60ರ ಕೆಳಗಿದ್ದರೆ ಬೂಷ್ಟಿಗೆ ನೆಲೆ ಸಿಗುವುದು ಕಷ್ಟ. ಆರ್ದ್ರತೆ ತೋರಿಸುವ ಅಂಗೈಯಗಲದ ಮೀಟರ್ ಸಿಗುತ್ತದೆ, ಬಾಡಿಗೆಗೆ ಮೊದಲು ಬೀರುವಿನೊಳಗೆ ಅರ್ಧ ಗಂಟೆ ಇಟ್ಟು ನೋಡಿ. ಯಜಮಾನರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಬೆಟ್ಟ

ಒಂದು ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪು. ಈಕ್ವೆಡಾರ್ ದೇಶ ಭೂಮಧ್ಯರೇಖೆಯ ಮೇಲೇ ಇದೆ. ಅದರ ಕರಾವಳಿಯ ಗ್ವಾಯಾಕಿಲ್ ವರ್ಷವಿಡೀ ಬೆವರಿಳಿಸುವ ಊರು. ಸುಮಾರು 2,850 ಮೀಟರ್ ಎತ್ತರದ ಕೀಟೊದಲ್ಲಿ ವರ್ಷದ ಯಾವ ತಿಂಗಳು ಹೋದರೂ ಸರಾಸರಿ 15 ಡಿಗ್ರಿಯ ಆಚೀಚೆ. ಒಂದೇ ದೇಶದೊಳಗೆ ಸ್ವೆಟರ್ ಬೇಕೋ ಬೇಡವೋ ಎನ್ನುವುದನ್ನು ಎತ್ತರವೇ ತೀರ್ಮಾನಿಸುತ್ತದೆ.

ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಸುಮಾರು ಮುಕ್ಕಾಲು ಪಾಲಿಗಿಂತಲೂ ತುಸು ಕಮ್ಮಿ. ನೀರು 90 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಕಾಳು ಬೇಗ ಬೇಯುವುದಿಲ್ಲ. ಎದೆ, ಶ್ವಾಸದ ತೊಂದರೆ ಇರುವವರು 2,500 ಮೀಟರ್ ದಾಟುವ ಮೊದಲು ವೈದ್ಯರನ್ನು ಕೇಳಲೇಬೇಕು. ತಂಪಿದೆ ಎಂದು ತಲೆಗೆ ಬಟ್ಟೆ ಹಾಕದೆ ಓಡಾಡುವವರಿಗೆ ಇನ್ನೊಂದು ಮಾತು. ಸಾವಿರ ಮೀಟರಿಗೆ ಶೇ 10-12ರಷ್ಟು ಅತಿನೇರಳೆ ಕಿರಣ ಹೆಚ್ಚುತ್ತದೆ. ಚಳಿಯಲ್ಲೇ ಚರ್ಮ ಸುಡುವ ಜಾಗ ಅದು.

ನಾವಿದ್ದ ಬೆಟ್ಟ ಅಷ್ಟು ಎತ್ತರದ್ದಲ್ಲ, ಆದ್ದರಿಂದ ನಮ್ಮ ತಾಪತ್ರಯವೂ ಸಣ್ಣದು: ಮೆಟ್ಟಿಲು. ರಸ್ತೆಯಿಂದ ಮನೆಗೆ 84 ಮೆಟ್ಟಿಲು. ಎಣಿಸಿದ್ದು ನಾನಲ್ಲ, ಸಿಲಿಂಡರ್ ಹೊತ್ತು ತರುವ ಹುಡುಗ. ಪ್ರತಿ ಸಲ ಕೊನೆಯ ಮೆಟ್ಟಿಲಲ್ಲಿ "ಎಂಬತ್ನಾಲ್ಕು" ಎಂದು ಗಟ್ಟಿಯಾಗಿ ಹೇಳಿ ಸಿಲಿಂಡರ್ ಇಳಿಸುತ್ತಿದ್ದ. ಅತ್ತೆ ಒಮ್ಮೆ ಬಂದವರು ಎರಡು ಕಡೆ ಕೂತು ಸುಧಾರಿಸಿಕೊಂಡು ಮೇಲೆ ಬಂದರು, ಹದಿನೈದು ದಿನ ಕೆಳಗಿಳಿಯಲಿಲ್ಲ. ಇಳಿದ ಮೇಲೆ ಮತ್ತೆ ಬರಲಿಲ್ಲ. "ನಿಮ್ಮೂರು ಚೆಂದ ಇದೆಯಮ್ಮ, ಫೋಟೊ ಕಳಿಸ್ತಾ ಇರು" ಎಂದರು ಫೋನಿನಲ್ಲಿ. ಬೆಟ್ಟ ಆರಿಸುವವರು ಹತ್ತು ವರ್ಷದಾಚೆಯ ತಮ್ಮ ಮಂಡಿಯನ್ನೂ, ಈಗಿನ ತಮ್ಮ ಹಿರಿಯರ ಮಂಡಿಯನ್ನೂ ಜೊತೆಗೆ ಕರೆದುಕೊಂಡು ಮನೆ ನೋಡಬೇಕು.

ಬೆಟ್ಟದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ತಿರುವು, ಮಂಜು, ಎದುರಿಂದ ಬರುವ ಲಾರಿ ಸೇರಿದರೆ ಇಪ್ಪತ್ತು ಕಿಲೋಮೀಟರಿಗೆ ಒಂದು ಗಂಟೆ. ಮನೆಯ ಮುಂದಿನ ಕಣಿವೆಯ ನೋಟಕ್ಕಿಂತ ಮನೆಯ ಹಿಂದಿನ ಇಳಿಜಾರು ಮುಖ್ಯ. ಅದನ್ನು ಇತ್ತೀಚೆಗೆ ಕಡಿದಿದ್ದಾರೆಯೇ, ಮಳೆನೀರು ಎಲ್ಲಿಂದ ಇಳಿಯುತ್ತದೆ, ಮರಗಳು ನೆಟ್ಟಗಿವೆಯೋ ಒಂದೇ ಕಡೆಗೆ ವಾಲಿವೆಯೋ, ಇವನ್ನು ನೋಡಿ.

ಬೆಟ್ಟದ ಯಾವ ಮಗ್ಗುಲು ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ತೇವದ ಗಾಳಿ ಏರುವ ಕಡೆ ಮಳೆಯೆಲ್ಲ ಸುರಿದು, ಇಳಿಯುವ ಕಡೆ ಒಣಗಾಳಿ ಉಳಿಯುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ ವೈಯಾಲೆಯಾಲೆ ಶಿಖರಕ್ಕೆ ವರ್ಷಕ್ಕೆ 10,000 ಮಿಲಿಮೀಟರಿನ ಆಸುಪಾಸು ಮಳೆ. ಅಲ್ಲಿಂದ ಮೂವತ್ತು ಕಿಲೋಮೀಟರಿನ ಒಳಗೇ ಇರುವ ದ್ವೀಪದ ನೈಋತ್ಯ ದಂಡೆಗೆ ಸುಮಾರು 500. ಜಪಾನಿನಲ್ಲಿ ಚಳಿಗಾಲದ ಸೈಬೀರಿಯಾದ ಗಾಳಿ ಜಪಾನ್ ಸಮುದ್ರ ದಾಟುವಾಗ ನೀರು ಹೀರಿಕೊಂಡು ಪಶ್ಚಿಮ ಮಗ್ಗುಲಿನ ಮೇಲೆ ಹಿಮವಾಗಿ ಸುರಿಯುತ್ತದೆ. ಆ ಬದಿಯ ತಕಾದಾ ಊರಿನಲ್ಲಿ 1945ರ ಫೆಬ್ರವರಿಯಲ್ಲಿ 377 ಸೆಂಟಿಮೀಟರ್ ಹಿಮ ಕೂತಿತ್ತು. ಅದೇ ಋತುವಿನಲ್ಲಿ ಬೆಟ್ಟದ ಸಾಲಿನಾಚೆಯ ಟೋಕಿಯೊದಲ್ಲಿ ಸಾಮಾನ್ಯವಾಗಿ ತಿಳಿ ಆಕಾಶ, ಒಣ ಬಿಸಿಲು. ಹಿಮ ಗೋರುವುದೋ ಬಟ್ಟೆ ಒಣಹಾಕುವುದೋ ಎನ್ನುವುದು ಒಂದು ಬೆಟ್ಟಸಾಲಿನ ಆಚೆ-ಈಚೆಯ ಮಾತು.

ಬಯಲು

ಬಯಲನ್ನು ಯಾರೂ ಕನಸು ಕಾಣುವುದಿಲ್ಲ, ಅದೇ ಅದರ ಲಾಭ. ಮನೆ ದೊಡ್ಡದು ಸಿಗುತ್ತದೆ, ರಸ್ತೆ ನೇರ, ಸೈಕಲ್ ತುಳಿಯುವುದು ಸುಲಭ. ತಾಪತ್ರಯ ಎರಡು: ದೂಳು, ನೀರು. ದೂಳಿಗೆ ಒದ್ದೆ ಬಟ್ಟೆ ಸಾಕು. ನೀರಿಗೆ ಸಾಲದು. ಮಳೆ ಮುಗಿದ ಹೊಸತರಲ್ಲಿ ಮನೆ ನೋಡಿ ಬಾವಿ ತುಂಬಿದೆ ಎಂದು ಹಿಗ್ಗಬೇಡಿ. ಬೇಸಿಗೆಯ ಕೊನೆಯ ವಾರದಲ್ಲಿ ಬಂದು, ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಬೋರು ಎಷ್ಟು ಆಳ, ಕಳೆದ ವರ್ಷ ಟ್ಯಾಂಕರ್ ತರಿಸಿದ್ದರಾ ಎಂದು ಪಕ್ಕದ ಮನೆಯವರನ್ನು ಕೇಳಿ. ಚಿಲಿ ದೇಶದ ಉತ್ತರ ತುದಿಯ ಅರಿಕಾದಲ್ಲಿ ವರ್ಷದ ಸರಾಸರಿ ಮಳೆ ಒಂದು ಮಿಲಿಮೀಟರೂ ಇಲ್ಲ, ದಕ್ಷಿಣದ ವಾಲ್ಡಿವಿಯಾದಲ್ಲಿ 1,500ಕ್ಕೂ ಹೆಚ್ಚು. ಅರಿಕಾದಲ್ಲೂ ಜನ ನೆಮ್ಮದಿಯಾಗಿದ್ದಾರೆ, ಏಕೆಂದರೆ ನೀರು ಬೇರೆಲ್ಲಿಂದಲೋ ಬರುವ ಏರ್ಪಾಡಿದೆ. ಒಣ ಸೀಮೆಯಲ್ಲಿ ಮಳೆಯ ಅಂಕಿಗಿಂತ ಆ ಏರ್ಪಾಡು ಎಷ್ಟು ಗಟ್ಟಿ ಎಂದು ನೋಡಬೇಕು.

ಬೆಳಕಿನ ಲೆಕ್ಕ ಮರೆಯಬೇಡಿ

ಉತ್ತರ-ದಕ್ಷಿಣ ಉದ್ದವಿರುವ ದೇಶಗಳಲ್ಲಿ ಚಳಿಗಿಂತ ಕತ್ತಲೆಯೇ ಹೆಚ್ಚು ಜನರನ್ನು ಸೋಲಿಸುತ್ತದೆ ಎಂದು ನನಗನಿಸುತ್ತದೆ. ಚಳಿಗೆ ಬಟ್ಟೆಯಾದರೂ ಇದೆ. ನಾರ್ವೆಯ ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ದಕ್ಷಿಣದ ಓಸ್ಲೊದಲ್ಲಿ ಅತಿ ಚಿಕ್ಕ ಹಗಲಿಗೂ ಸುಮಾರು ಆರು ಗಂಟೆ ಬೆಳಕು. ಚಳಿಗಾಲ ಬಂತೆಂದರೆ ಕೆಲವರಿಗೆ ಮಂಕು ಕವಿಯುವುದನ್ನು ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಒಂದು ಕಾಯಿಲೆಯಾಗಿ ವಿವರಿಸಿದರು. ಪ್ರಖರ ದೀಪದ ಮುಂದೆ ಬೆಳಿಗ್ಗೆ ಕೂರಿಸುವುದು ಅದಕ್ಕೊಂದು ಚಿಕಿತ್ಸೆ. ನಾಲ್ಕು ದಿನ ಮೋಡ ಮುಸುಕಿದರೆ ಮಾತು ಬಿಡುವ ಸ್ವಭಾವ ನಿಮ್ಮದಾದರೆ ಹವೆ ನೋಡುವಾಗ ತಾಪಮಾನದ ಜೊತೆ ಬಿಸಿಲಿನ ಗಂಟೆಗಳ ಕಾಲಂ ಕೂಡ ನೋಡಿ.

ಪೂರ್ವ-ಪಶ್ಚಿಮದ್ದೂ ಒಂದು ತಮಾಷೆ ಇದೆ. ಚೀನಾಕ್ಕೆಲ್ಲ ಗಡಿಯಾರ ಒಂದೇ. ಬೀಜಿಂಗಿನ ವೇಳೆಯಲ್ಲಿ ಬದುಕುವ ಪಶ್ಚಿಮದ ಉರುಮ್ಚಿಯಲ್ಲಿ ಡಿಸೆಂಬರಿನ ಸೂರ್ಯ ಹುಟ್ಟುವುದು ಒಂಬತ್ತೂವರೆ ದಾಟಿದ ಮೇಲೆ. ಬೆಳಿಗ್ಗೆ ಏಳಲಾರದವರು, ಸಂಜೆ ಬೆಳಕಿಗೆ ಆಸೆಪಡುವವರು ತಮ್ಮ ವೇಳಾವಲಯದ ಪಶ್ಚಿಮ ಅಂಚನ್ನು ನೋಡಬಹುದು. ಕೋಳಿ ಕೂಗುವ ಮುಂಚೆ ಏಳುವವರಿಗೆ ಪೂರ್ವವೇ ಸರಿ.

ನಗರವೋ, ಸಣ್ಣ ಊರೋ

ಸೀಮೆ ಯಾವುದಾದರೂ ಈ ಪ್ರಶ್ನೆ ತಪ್ಪುವುದಿಲ್ಲ. ನಗರದ ಪರವಾಗಿ ಎಲ್ಲರೂ ಹೇಳುವುದನ್ನು ಮತ್ತೆ ಹೇಳುವುದಿಲ್ಲ. ನಾನು ನೋಡುವುದು ಎರಡೇ.

ಒಂದು, ದಿನದ ಓಡಾಟ. ಜರ್ಮನಿಯ ದತ್ತಾಂಶ ಇಟ್ಟುಕೊಂಡು ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್ 2008ರಲ್ಲಿ ತೋರಿಸಿದ ಪ್ರಕಾರ, ಕೆಲಸಕ್ಕೆ ಹೋಗಿಬರುವ ಹೊತ್ತು ಹೆಚ್ಚಾದಷ್ಟೂ ಬದುಕಿನ ತೃಪ್ತಿ ಇಳಿಯುತ್ತದೆ. ಹೆಚ್ಚಿನ ಸಂಬಳ, ದೊಡ್ಡ ಮನೆ ಆ ನಷ್ಟವನ್ನು ತುಂಬಿಕೊಡುವುದಿಲ್ಲ. ನಗರದಲ್ಲಿದ್ದ ಆರು ವರ್ಷದಲ್ಲಿ ಮನೆ ದೊಡ್ಡದು ಬೇಕೆಂದು ನಾವು ಊರಾಚೆ ಹೋದೆವು. ಆ ದೊಡ್ಡ ಮನೆಯನ್ನು ಹಗಲು ಬೆಳಕಿನಲ್ಲಿ ಕಂಡದ್ದು ಭಾನುವಾರ ಮಾತ್ರ.

ಎರಡು, ಆಸ್ಪತ್ರೆ. ಮಿದುಳಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಪಾರ್ಶ್ವವಾಯು ಹೊಡೆದರೆ, ಗಡ್ಡೆ ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಸಣ್ಣ ಊರು ಆರಿಸುವಾಗ ಸ್ಕ್ಯಾನ್ ಇರುವ ಆಸ್ಪತ್ರೆಗೆ ಮಳೆಯ ರಾತ್ರಿ ಎಷ್ಟು ಹೊತ್ತು ಬೇಕು ಎಂದು ಒಮ್ಮೆ ನಿಜವಾಗಿ ಗಾಡಿ ಓಡಿಸಿ ನೋಡಿ. ಒಂದೂವರೆ ಗಂಟೆಯ ಮೇಲಾದರೆ ಅರುವತ್ತು ದಾಟಿದವರಿಗೆ ನಾನು ಬೇಡ ಎನ್ನುತ್ತೇನೆ, ನೋಟ ಎಷ್ಟೇ ಚೆಂದವಿರಲಿ.

ಜನರ ವಿಷಯ ಹೇಳಿಕೊಡಲು ಬರುವುದಿಲ್ಲ. ಅಂತರ್ಮುಖಿಗಳಿಗೆ ಬೆಟ್ಟ ಇಷ್ಟ, ಬಹಿರ್ಮುಖಿಗಳಿಗೆ ಕಡಲು ಇಷ್ಟ ಎಂದು ಶಿಗೆಹಿರೊ ಒಯಿಶಿ ಮತ್ತಿತರರು 2015ರಲ್ಲಿ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಇದು ಹೊಂದುತ್ತದೆ ಎಂದು ನಮ್ಮವರು ಖುಷಿಪಟ್ಟರು. ನಾನು ಬಯಲಿನವಳು, ನನ್ನನ್ನು ಎಲ್ಲಿ ಸೇರಿಸುತ್ತೀರಿ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಅಲ್ಲಿನ ಮಾತು ನಿಮಗೆ ಬರುತ್ತದೆಯೇ, ಸಂಜೆ ಏಳಕ್ಕೆ ಹೇಳದೆ ಕೇಳದೆ ಬಾಗಿಲು ತಟ್ಟಬಹುದಾದ ಒಂದು ಮನೆಯಾದರೂ ಸಿಕ್ಕೀತೇ, ಅಷ್ಟು ನೋಡಿದರೆ ಸಾಕು.

ಹೋಗಿ ನೋಡುವುದಾದರೆ

ಕೆಟ್ಟ ತಿಂಗಳಲ್ಲೇ ಹೋಗಿ. ಕಡಲಿಗೆ ಮಳೆಗೆ ಮುಂಚಿನ ಸೆಕೆಯಲ್ಲಿ, ಬೆಟ್ಟಕ್ಕೆ ಮಂಜು ಕವಿದ ವಾರದಲ್ಲಿ, ಬಯಲಿಗೆ ನೀರು ಬತ್ತಿದಾಗ, ಉತ್ತರಕ್ಕೆ ಡಿಸೆಂಬರಿನಲ್ಲಿ. ಹೋಟೆಲ್ ಬೇಡ, ಹದಿನೈದು ದಿನಕ್ಕೆ ಮನೆ ಹಿಡಿಯಿರಿ. ಒಂದು ದೊಡ್ಡ ಹೊದಿಕೆ ಒಗೆದು ಎಷ್ಟು ಹೊತ್ತಿಗೆ ಒಣಗುತ್ತದೆ ನೋಡಿ. ವಾರದ ನಡುವೆ ಬೆಳಿಗ್ಗೆ ಎಂಟಕ್ಕೆ ಕಚೇರಿ ಇರುವ ಜಾಗಕ್ಕೆ ಹೋಗಿಬನ್ನಿ. ಊರು ಹೇಗೆ ಎಂದು ಮನೆ ಯಜಮಾನರನ್ನು ಕೇಳಬೇಡಿ, ಪ್ಲಂಬರನ್ನು ಕೇಳಿ. ಗೋಡೆಯೊಳಗಿನದೆಲ್ಲ ಅವನಿಗೆ ಗೊತ್ತು. ಮತ್ತು ಇಬ್ಬರಿದ್ದರೆ ಇಬ್ಬರೂ ಹೋಗಿ, ದಿನದ ಕೊನೆಗೆ ಅವರವರ ದೂರನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದಿಡಿ. ನಾವು ಇದನ್ನು ಮೂರು ಊರು ತಡವಾಗಿ ಕಲಿತೆವು.

ಈ ಬಯಲಿನ ಮನೆಗೆ ಬಂದು ಒಂದು ವರ್ಷವಾಯಿತು. ನನ್ನ ಪುಸ್ತಕಗಳು ನೆಟ್ಟಗೆ ನಿಂತಿವೆ. ಮೊನ್ನೆ ನಮ್ಮವರು ಅದೇ ಬೆಲ್ಟನ್ನು ಹುಡುಕಿ ತೆಗೆದರು. ಒಣಗಿ, ತೂತಿನಿಂದ ತೂತಿಗೆ ಬಿರುಕು ಬಿಟ್ಟು, ಬಗ್ಗಿಸಿದರೆ ಚಟ್ ಎನ್ನುತ್ತಿತ್ತು. "ನೋಡೇ ನಿನ್ನ ಊರಿನ ಕೆಲಸ" ಎಂದರು. ಈ ಸಲ ನಗು ಬಂದದ್ದು ನನಗೆ. ಅವರು ನಗಲಿಲ್ಲ.